ರೋಗಾಣುವಿಗಿಂತಲೂ ನಿಧಾನಿಗಳು ನಾವು

ಕುಷ್ಠರೋಗ ತರುವ ಬ್ಯಾಕ್ಟೀರಿಯಾದ ಉದ್ದ ಒಂದರಿಂದ ಎಂಟು ಮೈಕ್ರಾನ್. ಒಂದಕ್ಕೊಂದು ತುದಿ ತಾಗಿಸಿ ಸಾಲಾಗಿ ಇಟ್ಟರೆ ಒಂದು ಸಾಸಿವೆ ಕಾಳಿನ ಅಡ್ಡಗಲಕ್ಕೆ ಮುನ್ನೂರು, ನಾನೂರು ಹಿಡಿಸುತ್ತವೆ. ರೋಗಾಣುಗಳೆಲ್ಲ ಸಣ್ಣವೇ ಆದ್ದರಿಂದ ಇದರಲ್ಲಿ ದೊಡ್ಡ ವಿಶೇಷವೇನಿಲ್ಲ. ಬೆರಗು ಹುಟ್ಟಿಸುವುದು ಇದರ ನಿಧಾನ.

ನಮ್ಮ ಕರುಳಿನಲ್ಲಿರುವ ಇ-ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಕುಷ್ಠದ ಬ್ಯಾಕ್ಟೀರಿಯಾಕ್ಕೆ ಅದೇ ಕೆಲಸಕ್ಕೆ 12ರಿಂದ 14 ದಿನ ಬೇಕು. 14 ದಿನವೆಂದರೆ 20,160 ನಿಮಿಷ. ಕುಷ್ಠದ ಒಂದು ಬ್ಯಾಕ್ಟೀರಿಯಾ ಒಮ್ಮೆ ಇಬ್ಭಾಗವಾಗುವಷ್ಟರಲ್ಲಿ, ಆಹಾರವೂ ಜಾಗವೂ ಮುಗಿಯದಿದ್ದರೆ, ಇ-ಕೋಲಿ 1,008 ತಲೆಮಾರುಗಳನ್ನು ಕಂಡಿರುತ್ತದೆ. ಮನುಷ್ಯರ ಒಂದು ತಲೆಮಾರಿಗೆ 25 ವರ್ಷ ಹಿಡಿದರೆ, ಅಷ್ಟು ತಲೆಮಾರಿಗೆ 25 ಸಾವಿರ ವರ್ಷ ಆಗುತ್ತದೆ. ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಇಷ್ಟು ನಿಧಾನವಾಗಿ ಬೆಳೆಯುವುದು ಇನ್ನೊಂದು ಗೊತ್ತಿಲ್ಲ.

ಈ ನಿಧಾನ ರೋಗಕ್ಕೂ ಬಂದಿದೆ. ರೋಗಾಣು ಮೈಹೊಕ್ಕು ಮೊದಲ ಲಕ್ಷಣ ಕಾಣಲು ಸರಾಸರಿ 5 ವರ್ಷ ಬೇಕು. ಕೆಲವರಲ್ಲಿ 20 ವರ್ಷವೂ ದಾಟುತ್ತದೆ. ಇವತ್ತು ಬೆನ್ನ ಮೇಲೆ ಮಚ್ಚೆ ಕಂಡುಕೊಂಡ ಇಪ್ಪತ್ತೈದರ ಯುವಕನಿಗೆ ಸೋಂಕು ತಗುಲಿದ್ದು ಅವನು ಅಂಗನವಾಡಿಗೆ ಹೋಗುತ್ತಿದ್ದಾಗಲೇ ಇರಬಹುದು. ಯಾರಿಂದ, ಎಲ್ಲಿ ಬಂತು ಎಂದು ಹುಡುಕಿ ಹೊರಟರೆ ಬಹುಪಾಲು ದಾರಿಗಳು ನಡುವೆಯೇ ಮುಚ್ಚಿಹೋಗಿರುತ್ತವೆ.

ನಾರ್ವೆಯ ಬರ್ಗೆನ್ ನಗರದ ವೈದ್ಯ ಗೆರ್ಹಾರ್ಡ್ ಆರ್ಮಾವರ್ ಹ್ಯಾನ್ಸೆನ್ ಈ ರೋಗಾಣುವನ್ನು ಕಂಡದ್ದು 1873ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ 150 ವರ್ಷ ದಾಟಿದರೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದನ್ನು ಬೆಳೆಸಲು ಯಾರಿಗೂ ಸಾಧ್ಯವಾಗಿಲ್ಲ. ಇಲಿಯ ಪಾದದಲ್ಲಿ ಅದನ್ನು ಮೊದಲ ಬಾರಿ ಬೆಳೆಸಿದ್ದು 1960ರಲ್ಲಿ, ಅಮೆರಿಕದ ಚಾರ್ಲ್ಸ್ ಶೆಪರ್ಡ್. 1971ರಲ್ಲಿ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯ ಮೈಯಲ್ಲಿ ಅದು ಹುಲುಸಾಗಿ ಬೆಳೆಯುವುದು ಗೊತ್ತಾಯಿತು. ಆ ಪ್ರಾಣಿಯ ಮೈಬಿಸಿ 32ರಿಂದ 35 ಡಿಗ್ರಿ ಸೆಲ್ಸಿಯಸ್. ನಮ್ಮದಕ್ಕಿಂತ ತಂಪು. ಕುಷ್ಠದ ರೋಗಾಣುವಿಗೆ ತಂಪು ಬೇಕು. ಅದಕ್ಕೇ ನಮ್ಮ ದೇಹದಲ್ಲೂ ಅದು ತಂಪಾದ ಕಡೆಗಳನ್ನೇ ಹುಡುಕಿಕೊಂಡು ಹೋಗುತ್ತದೆ: ಚರ್ಮ, ಮೂಗು, ಕಿವಿಯ ಹಾಲೆ, ಕಣ್ಣಿನ ಮುಂಭಾಗ, ಚರ್ಮಕ್ಕೆ ಹತ್ತಿರದಲ್ಲಿ ಹಾದುಹೋಗುವ ನರಗಳು.

2001ರಲ್ಲಿ ಇದರ ವಂಶವಾಹಿಯ ಸಂಪೂರ್ಣ ನಕ್ಷೆ ಸಿದ್ಧವಾಯಿತು. ಅದಕ್ಕೆ ಬಳಸಿದ ರೋಗಾಣು ತಮಿಳುನಾಡಿನ ರೋಗಿಯೊಬ್ಬರಿಂದ ಬಂದದ್ದು, ಆರ್ಮಡಿಲೊದ ಮೈಯಲ್ಲಿ ಬೆಳೆದದ್ದು. ನಕ್ಷೆ ನೋಡಿದ ವಿಜ್ಞಾನಿಗಳಿಗೆ ಕಂಡದ್ದು ಪಾಳುಬಿದ್ದ ಜೀನುಗಳ ರಾಶಿ. ಸುಮಾರು 32.7 ಲಕ್ಷ ಅಕ್ಷರಗಳ ಬರಹದಲ್ಲಿ ಕೆಲಸ ಮಾಡುವ ಜೀನುಗಳು 1,600ರಷ್ಟು ಮಾತ್ರ. ಕೆಟ್ಟು ನಿಂತವು 1,100ಕ್ಕೂ ಹೆಚ್ಚು. ಇದರ ದಾಯಾದಿಯಾದ ಕ್ಷಯದ ರೋಗಾಣುವಿಗೆ ಸುಮಾರು 4,000 ಜೀನುಗಳಿವೆ. ಸ್ವಂತವಾಗಿ ಬದುಕುವ ಶಕ್ತಿಯನ್ನೇ ಕಳೆದುಕೊಂಡ ಈ ದುರ್ಬಲ ಜೀವಿಯನ್ನು 100 ಜನರಲ್ಲಿ 95 ಜನರ ದೇಹ ಯಾವ ಔಷಧಿಯೂ ಇಲ್ಲದೆ ತಾನೇ ಹೊಡೆದುಹಾಕುತ್ತದೆ.

ರಾಜಸ್ಥಾನದ ಬಾಲಾಥಲ್‌ನಲ್ಲಿ ಸಿಕ್ಕ, ಸುಮಾರು 4,000 ವರ್ಷ ಹಿಂದಿನ ಅಸ್ಥಿಪಂಜರವೊಂದರಲ್ಲಿ ಕುಷ್ಠದ ಗುರುತುಗಳಿವೆ. ಇಷ್ಟು ದುರ್ಬಲವಾದ, ಇಷ್ಟು ನಿಧಾನದ ಜೀವಿ ನಾಲ್ಕು ಸಾವಿರ ವರ್ಷ ಮನುಷ್ಯಕುಲವನ್ನು ಹೆದರಿಸಿತು, ಮನೆಯಿಂದ ಹೊರಹಾಕಿಸಿತು, ಊರಾಚೆ ಕೂರಿಸಿತು. ಅದರ ಬಲ ಅಷ್ಟಿದ್ದುದರಿಂದ ಹೀಗಾಯಿತೆಂದು ಹೇಳಲು ಬರುವುದಿಲ್ಲ. ನಮ್ಮ ಭಯದ ಬಲ ಅಷ್ಟಿತ್ತು.

720 ಮಾತ್ರೆಗಳು

ಈಗ ಔಷಧಿಯ ಲೆಕ್ಕ. ರೋಗಾಣು ಹೆಚ್ಚಿರುವ ಬಗೆಯ ಕುಷ್ಠಕ್ಕೆ ವಯಸ್ಕರಿಗೆ ಕೊಡುವ ಮಾತ್ರೆಯ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಅಂಗೈಗಿಂತ ತುಸು ದೊಡ್ಡದು. 28 ದಿನಗಳಿಗೆ ಒಂದು ಪಟ್ಟಿ. ಮೊದಲ ದಿನ ಆರೋಗ್ಯ ಕಾರ್ಯಕರ್ತೆಯ ಎದುರಿನಲ್ಲೇ ಆರು ನುಂಗಬೇಕು: ರಿಫಾಂಪಿಸಿನ್ ಎರಡು, ಕ್ಲೊಫಾಜಿಮಿನ್ ಮೂರು, ಡ್ಯಾಪ್ಸೋನ್ ಒಂದು. ಉಳಿದ 27 ದಿನ ಮನೆಯಲ್ಲೇ ದಿನಕ್ಕೆ ಎರಡು. ಒಂದು ಪಟ್ಟಿಗೆ 60. ಇಂಥ 12 ಪಟ್ಟಿ ಮುಗಿದರೆ 720 ಮಾತ್ರೆ. ಅಷ್ಟಕ್ಕೆ ಚಿಕಿತ್ಸೆ ಮುಗಿಯಿತು, ರೋಗ ಹೋಯಿತು. ರೋಗಾಣು ಕಡಿಮೆ ಇರುವ ಬಗೆಗೆ ಆರು ತಿಂಗಳೇ ಸಾಕು.

ಆ 720ರಲ್ಲೂ ರಿಫಾಂಪಿಸಿನ್ ಕೇವಲ 24. ತಿಂಗಳಿಗೆ ಎರಡೇ ಎರಡು. ಆದರೆ ಮೊದಲ ದಿನದ ಆ ಎರಡರ 600 ಮಿಲಿಗ್ರಾಂ ಒಂದೇ, ದೇಹದಲ್ಲಿರುವ ಜೀವಂತ ರೋಗಾಣುಗಳಲ್ಲಿ ಶೇ 99.9ಕ್ಕಿಂತ ಹೆಚ್ಚಿನದನ್ನು ಕೊಲ್ಲುತ್ತದೆ. ತೀವ್ರ ಕುಷ್ಠವಿರುವವರ ಒಂದು ಗ್ರಾಂ ಅಂಗಾಂಶದಲ್ಲಿ ನೂರಾರು ಕೋಟಿ ರೋಗಾಣುಗಳಿರುತ್ತವೆ ಎಂಬುದನ್ನು ನೆನೆದರೆ ಈ ಒಂದು ಗುಟುಕಿನ ಕೆಲಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಆ ವ್ಯಕ್ತಿಯಿಂದ ಇನ್ನೊಬ್ಬರಿಗೆ ರೋಗ ಹರಡುವುದು ನಿಲ್ಲುತ್ತದೆ. ಇನ್ನು ಉಳಿದ ಮಾತ್ರೆಗಳು ಅಳಿದುಳಿದ ರೋಗಾಣುಗಳಿಗೆ, ಮತ್ತು ಅವು ಔಷಧಿಗೆ ಒಗ್ಗಿಕೊಳ್ಳದಂತೆ ತಡೆಯುವುದಕ್ಕೆ.

ಒಗ್ಗಿಕೊಳ್ಳುವ ಅಪಾಯ ಊಹೆಯದಲ್ಲ. 1940ರ ದಶಕದಲ್ಲಿ ಬಂದ ಡ್ಯಾಪ್ಸೋನನ್ನು ರೋಗಿಗಳು ವರ್ಷಗಟ್ಟಲೆ, ಕೆಲವರು ಬದುಕಿಡೀ ನುಂಗುತ್ತಿದ್ದರು. 1960ರ ದಶಕದಲ್ಲಿ ಮಲೇಷ್ಯಾದ ಸುಂಗೈ ಬುಲೊದಲ್ಲಿ ಅದಕ್ಕೆ ಬಗ್ಗದ ರೋಗಾಣು ಖಚಿತವಾಗಿ ಕಂಡಿತು. ಆಮೇಲೆ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. 1995ರಿಂದ ಅದು ಜಗತ್ತಿನ ಎಲ್ಲ ರೋಗಿಗಳಿಗೂ ಉಚಿತ.

ಫಲಿತಾಂಶ ಎಂಥದ್ದೆಂದು ನೋಡಿ. 1985ರಲ್ಲಿ ಜಗತ್ತಿನ ದಾಖಲೆಯಲ್ಲಿದ್ದ ಕುಷ್ಠರೋಗಿಗಳು 50 ಲಕ್ಷಕ್ಕೂ ಹೆಚ್ಚು. 122 ದೇಶಗಳಲ್ಲಿ ಅದು ಸಾರ್ವಜನಿಕ ಆರೋಗ್ಯದ ದೊಡ್ಡ ಸಮಸ್ಯೆ. ಭಾರತದಲ್ಲಿ 1980ರ ದಶಕದ ಆರಂಭಕ್ಕೆ ಪ್ರತಿ 10,000 ಜನರಲ್ಲಿ ಸುಮಾರು 57 ರೋಗಿಗಳು. 2005ರ ಡಿಸೆಂಬರ್ ಹೊತ್ತಿಗೆ ಆ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಿತು. ಬಹುಔಷಧ ಚಿಕಿತ್ಸೆ ಪಡೆದು ಗುಣವಾದವರು ಜಗತ್ತಿನಾದ್ಯಂತ 1.6 ಕೋಟಿಗೂ ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ಜೋರ್ಡಾನ್, ಕುಷ್ಠವನ್ನು ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ದೃಢೀಕರಣ ಪಡೆಯಿತು.

ರಿಜಿಸ್ಟರಿನಾಚೆಯವರು

ಇಷ್ಟು ಓದಿದರೆ ಕುಷ್ಠದ ಕಥೆ ಮುಗಿಯಿತು ಎನ್ನಿಸುತ್ತದೆ. ಹಾಗೆಂದು ನಂಬಿದವರೇ ಹೆಚ್ಚು. ಆದರೆ ಲೆಕ್ಕವನ್ನು ಹೇಗೆ ಇಡುತ್ತಾರೆ ಎಂಬುದನ್ನೂ ನೋಡಬೇಕು.

ರೋಗಿಗಳ ಸಂಖ್ಯೆ ಎಂದರೆ ಆ ಹೊತ್ತಿಗೆ ಚಿಕಿತ್ಸೆಯಲ್ಲಿ ಇರುವವರ ಸಂಖ್ಯೆ. ಕೊನೆಯ ಮಾತ್ರೆ ನುಂಗಿದ ದಿನ ಹೆಸರು ರಿಜಿಸ್ಟರಿನಿಂದ ಹೊರಗೆ. ಡ್ಯಾಪ್ಸೋನ್ ಕಾಲದಲ್ಲಿ ಹತ್ತಾರು ವರ್ಷ ಪಟ್ಟಿಯಲ್ಲಿ ಇರುತ್ತಿದ್ದ ವ್ಯಕ್ತಿ ಈಗ ಒಂದು ವರ್ಷ ಮಾತ್ರ ಇರುತ್ತಾನೆ. 1990ರ ದಶಕದ ಕೊನೆಯಲ್ಲಿ ಚಿಕಿತ್ಸೆಯ ಅವಧಿಯನ್ನು 24 ತಿಂಗಳಿಂದ 12ಕ್ಕೆ ಇಳಿಸಿದಾಗ, ಹೊಸ ರೋಗಿಗಳು ಒಬ್ಬರೂ ಕಡಿಮೆಯಾಗದೆ, ಅಂಥ ರೋಗಿಗಳ ಪಟ್ಟಿ ತಾನಾಗಿ ಅರ್ಧಕ್ಕಿಳಿಯಿತು. ಇದು ಮೋಸವಲ್ಲ. ಚಿಕಿತ್ಸೆ ನಿಜಕ್ಕೂ ಚುರುಕಾಗಿತ್ತು. ಆದರೆ ಕುಷ್ಠ ಹೋಯಿತೇ ಎಂದು ಕೇಳುವವರು ನೋಡಬೇಕಾದದ್ದು ಹೊಸದಾಗಿ ಪತ್ತೆಯಾಗುವವರ ಸಂಖ್ಯೆ.

2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದವರು 1,82,815. ದಿನಕ್ಕೆ 500. ಮೂರು ನಿಮಿಷಕ್ಕೆ ಒಬ್ಬರು. ಅವರಲ್ಲಿ 1,07,851 ಮಂದಿ ಭಾರತದವರು. ಅಂದರೆ ಜಗತ್ತಿನ ಹತ್ತರಲ್ಲಿ ಆರು ಹೊಸ ರೋಗಿಗಳು ನಮ್ಮವರು. ನಮ್ಮ ದೇಶದಲ್ಲಿ ಐದು ನಿಮಿಷಕ್ಕೊಮ್ಮೆ ಯಾರೋ ಒಬ್ಬರು ಈ ರೋಗದ ಹೆಸರನ್ನು ವೈದ್ಯರ ಬಾಯಿಂದ ಕೇಳುತ್ತಾರೆ. ಬ್ರೆಜಿಲ್ ಮತ್ತು ಇಂಡೊನೇಷ್ಯಾವನ್ನು ಸೇರಿಸಿದರೆ ಈ ಮೂರೇ ದೇಶಗಳಲ್ಲಿ ಜಗತ್ತಿನ ಸುಮಾರು ಶೇ 80ರಷ್ಟು ಹೊಸ ರೋಗಿಗಳಿದ್ದಾರೆ. ಆ ವರ್ಷ ಪತ್ತೆಯಾದವರಲ್ಲಿ 10 ಸಾವಿರಕ್ಕೂ ಹೆಚ್ಚು ಮಕ್ಕಳು. ದಿನಕ್ಕೆ 28 ಮಕ್ಕಳು. ಮಗುವಿನ ಮೈಯಲ್ಲಿ ಕುಷ್ಠ ಕಂಡಿತೆಂದರೆ ರೋಗ ಇತ್ತೀಚಿನವರೆಗೂ ಆ ಊರಿನಲ್ಲಿ ಹರಡುತ್ತಲೇ ಇತ್ತೆಂದು ಅರ್ಥ.

ಇನ್ನೊಂದು ಸಂಖ್ಯೆ ನನ್ನನ್ನು ಹೆಚ್ಚು ಕಾಡುತ್ತದೆ. 2019ರಲ್ಲಿ ಜಗತ್ತಿನ ಹೊಸ ರೋಗಿಗಳು ಎರಡು ಲಕ್ಷಕ್ಕೂ ಹೆಚ್ಚಿದ್ದರು. ಕೋವಿಡ್ ಬಂದ 2020ರಲ್ಲಿ ಅದು ಸುಮಾರು 1,27,500ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ 75 ಸಾವಿರ ಕಡಿಮೆ. ಎರಡು ವಾರಕ್ಕೊಮ್ಮೆ ಇಬ್ಭಾಗವಾಗಿ, ಐದು ವರ್ಷಕ್ಕೆ ಕಾಣಿಸಿಕೊಳ್ಳುವ ರೋಗ ಒಂದು ವರ್ಷದಲ್ಲಿ ಹಾಗೆ ಕುಸಿಯುವುದು ಸಾಧ್ಯವೇ ಇಲ್ಲ. ಕುಸಿದದ್ದು ಹುಡುಕಾಟ. ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಬೇರೆ ಕೆಲಸದಲ್ಲಿದ್ದರು. ಆ 75 ಸಾವಿರ ಮಂದಿ ಔಷಧಿಯಿಲ್ಲದೆ ಎಲ್ಲೋ ಇದ್ದರು, ಅವರ ನರಗಳು ಒಳಗೊಳಗೇ ಸಾಯುತ್ತಿದ್ದವು.

ನೋವೇ ಇಲ್ಲದ ಪಾದ

ಕುಷ್ಠದಲ್ಲಿ ಬೆರಳುಗಳು ಕೊಳೆತು ಉದುರುತ್ತವೆ ಎಂದು ಜಗತ್ತು ಸಾವಿರಾರು ವರ್ಷ ನಂಬಿತ್ತು. ಅದು ತಪ್ಪೆಂದು ತೋರಿಸಿದವರಲ್ಲಿ ಮುಖ್ಯರು ಡಾ. ಪಾಲ್ ಬ್ರ್ಯಾಂಡ್. ಬ್ರಿಟಿಷ್ ದಂಪತಿಯ ಮಗನಾಗಿ ತಮಿಳುನಾಡಿನ ಕೊಲ್ಲಿಮಲೈ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು, ರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದಿಷ್ಟು: ಬೆರಳನ್ನು ರೋಗ ತಿನ್ನುವುದಿಲ್ಲ. ನರ ಸತ್ತು ನೋವು ಗೊತ್ತಾಗದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ತುಕ್ಕು ಹಿಡಿದ ಬೀಗವನ್ನು ಎಲುಬು ಕಾಣುವವರೆಗೆ ತಿರುವುತ್ತದೆ. ಗಾಯ, ಸೋಂಕು, ಮತ್ತೆ ಗಾಯ. ಹೀಗೆ ಬೆರಳು ಸವೆಯುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಬೆರಳ ತುಂಡು ಕಾಣೆಯಾಗುತ್ತಿದ್ದ ಒಗಟನ್ನು ಕಾವಲು ಕೂತು ನೋಡಿದಾಗ ಗೊತ್ತಾದದ್ದು, ಮಲಗಿದವರ ಬೆರಳನ್ನು ಇಲಿಗಳು ಕಚ್ಚುತ್ತಿದ್ದವು. ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗುವ ರೋಗಿಗಳ ಜೊತೆ ಬೆಕ್ಕನ್ನೂ ಕಳಿಸುವ ಏರ್ಪಾಡಾಯಿತು.

ಸಾಮಾನ್ಯ ಲೆಕ್ಕವೊಂದನ್ನು ಹಾಕೋಣ. ಹೊಲಗದ್ದೆಯಲ್ಲಿ ಕೆಲಸ ಮಾಡುವ ಒಬ್ಬರು ದಿನಕ್ಕೆ ಕಡಿಮೆಯೆಂದರೂ 5,000 ಹೆಜ್ಜೆ ಹಾಕುತ್ತಾರೆ. ಒಂದೊಂದು ಪಾದಕ್ಕೆ 2,500. ವರ್ಷಕ್ಕೆ 9,12,500. ಗುಣವಾದ ಮೇಲೆ 40 ವರ್ಷ ಬದುಕಿದರೆ ಒಂದು ಪಾದಕ್ಕೆ 3.65 ಕೋಟಿ ಹೆಜ್ಜೆ. ನಮ್ಮ ಪಾದದಲ್ಲಿ ಒಂದು ಕಡೆ ಒತ್ತಡ ಹೆಚ್ಚಾದರೆ ನೋವು ನಮ್ಮನ್ನು ತಿಳಿಯದ ಹಾಗೆ ಬೇರೆ ಕಡೆ ಭಾರ ಹಾಕಿಸುತ್ತದೆ, ಒಂದಿಷ್ಟು ಕುಂಟಿಸುತ್ತದೆ, ಕೂರಿಸುತ್ತದೆ. ನರ ಸತ್ತ ಪಾದಕ್ಕೆ ಈ ಕಾವಲಿಲ್ಲ. 3.65 ಕೋಟಿ ಹೆಜ್ಜೆಗಳಲ್ಲಿ ಒಂದು ಮುಳ್ಳಿನ ಮೇಲೆ ಬಿದ್ದರೂ ಸಂಜೆಯವರೆಗೆ ಅದರ ಮೇಲೇ ನಡೆದಾಟ.

ಕಣ್ಣಿನ ಲೆಕ್ಕವೂ ಹೀಗೆಯೇ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಎಚ್ಚರವಿರುವ 16 ಗಂಟೆಯಲ್ಲಿ 14,400 ಸಲ. ಮುಖದ ನರ ಸೋತವರಿಗೆ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣಿನ ಮೇಲ್ಮೈಗೆ ದೂಳು ಬಿದ್ದದ್ದು ಗೊತ್ತಾಗುವುದಿಲ್ಲ. ಮಿಟುಕಿಸಲು ಮರೆಯಬೇಡಿ ಎಂದು ಅವರಿಗೆ ಕಲಿಸಬೇಕಾಗುತ್ತದೆ. ನಮಗೆ ತಾನಾಗಿ ಆಗುವುದು ಅವರಿಗೆ ದಿನವಿಡೀ ನೆನಪಿಟ್ಟುಕೊಳ್ಳಬೇಕಾದ ಕೆಲಸ.

720 ಮಾತ್ರೆಗಳು ರೋಗಾಣುವನ್ನು ಕೊಲ್ಲುತ್ತವೆ, ಸತ್ತ ನರವನ್ನು ಬದುಕಿಸುವುದಿಲ್ಲ. ಎಷ್ಟೋ ಸಲ ಸತ್ತ ರೋಗಾಣುವಿನ ಚೂರುಗಳ ಮೇಲೆ ದೇಹವೇ ಮುಗಿಬಿದ್ದು, ಚಿಕಿತ್ಸೆಯ ನಡುವೆ ಅಥವಾ ಆಮೇಲೆ, ನರಗಳು ಊದಿಕೊಳ್ಳುತ್ತವೆ. ಆಗ ತಡಮಾಡದೆ ಪ್ರೆಡ್ನಿಸೊಲೋನ್ ಕೊಡಬೇಕು. ನರದ ಹಾನಿ ಆರು ತಿಂಗಳೊಳಗಿನದಾದರೆ ಶಕ್ತಿ ಮರಳುವ ಸಾಧ್ಯತೆ ಚೆನ್ನಾಗಿದೆ. ಆರು ತಿಂಗಳು ದಾಟಿದರೆ ಕಷ್ಟ. 2023ರಲ್ಲಿ ಪತ್ತೆಯಾಗುವ ಹೊತ್ತಿಗೇ ಕಣ್ಣಿಗೆ ಕಾಣುವ ವೈಕಲ್ಯ ಬಂದಿದ್ದವರು ಸುಮಾರು 9,700 ಮಂದಿ. ದಿನಕ್ಕೆ 26, 27 ಜನ ತಡವಾಗಿ ಸಿಕ್ಕರು. ಗುಣವಾಗಿಯೂ ವೈಕಲ್ಯದೊಂದಿಗೆ ಬದುಕುತ್ತಿರುವವರು ಜಗತ್ತಿನಲ್ಲಿ 30 ಲಕ್ಷದ ಆಸುಪಾಸು ಎಂದು ಅಂದಾಜು. ಅವರ ಹೆಸರು ಯಾವ ರೋಗಿಗಳ ಪಟ್ಟಿಯಲ್ಲೂ ಇಲ್ಲ.

ಅವರ ಆರೈಕೆ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕಾದರೆ ಸ್ವಯಂ ಆರೈಕೆಯ ಗುಂಪೊಂದರಲ್ಲಿ ಒಂದು ಬೆಳಗ್ಗೆ ಕೂರಬೇಕು. ಏಳೆಂಟು ಜನ ವೃತ್ತಾಕಾರದಲ್ಲಿ ಕೂತಿರುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ತಣ್ಣೀರು. ಬಿಸಿನೀರು ಕೂಡದು, ಸುಟ್ಟರೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಪಾದ ನೆನೆಯಬೇಕು. ಬೆವರಿಲ್ಲದೆ ಒಣಗಿ ಬಿರಿದ ಚರ್ಮ ಮೆತ್ತಗಾಗುತ್ತದೆ. ಆಮೇಲೆ ಜಡ್ಡುಗಟ್ಟಿದ ಭಾಗವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಒರೆಸದೆ, ಹಸಿ ಇರುವಾಗಲೇ ಎಣ್ಣೆ ಹಚ್ಚಬೇಕು. ಕೊನೆಗೆ ಪಾದದಡಿಯನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಬಗ್ಗಲಾಗದವರು ಕನ್ನಡಿ ಹಿಡಿಯುತ್ತಾರೆ, ಕಣ್ಣು ಮಂಜಾದವರಿಗೆ ಪಕ್ಕದವರು ನೋಡಿ ಹೇಳುತ್ತಾರೆ. ಬೆರಳಸಂದಿಯಲ್ಲಿ ಕೆಂಪಾಗಿದೆಯೇ, ಹಿಮ್ಮಡಿ ಬಿಸಿಯಾಗಿದೆಯೇ, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆಯೇ. ನೋವು ಮಾಡಬೇಕಿದ್ದ ಕೆಲಸವನ್ನು ಕಣ್ಣು ಮಾಡುತ್ತದೆ. ಇದಕ್ಕೆ ಖರ್ಚು ಹತ್ತಿರ ಹತ್ತಿರ ಸೊನ್ನೆ. ಆದರೆ ದಿನ ತಪ್ಪುವಂತಿಲ್ಲ. 40 ವರ್ಷಕ್ಕೆ 14,600 ದಿನ.

ಪಾದದ ಒತ್ತಡ ಹಂಚಿಹೋಗಲೆಂದು ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲರ್) ರಬ್ಬರಿನ ಚಪ್ಪಲಿಗಳಿವೆ. ವೆಲ್ಲೂರು ಮತ್ತು ಹತ್ತಿರದ ಕರಿಗಿರಿಯಲ್ಲಿ ನಡೆದ ಕೆಲಸ ಈ ಪಾದರಕ್ಷೆಗಳಿಗೆ ದಾರಿ ಮಾಡಿತು. ಇಂದು ಅವನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಮಡಚಿಕೊಂಡ ಬೆರಳುಗಳನ್ನು ಬಿಡಿಸಲು, ಶಕ್ತಿಯಿರುವ ಸ್ನಾಯುವಿನ ರಜ್ಜುವನ್ನು ಸೋತ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಆರಂಭಿಸಿದರು. ವೆಲ್ಲೂರಿನ ಅದೇ ಆಸ್ಪತ್ರೆಯ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಂಗವಿಕಲರ ಪುನರ್ವಸತಿಯನ್ನೇ ಬದುಕಿನ ಕೆಲಸವಾಗಿಸಿಕೊಂಡರು.

ಬ್ರ್ಯಾಂಡ್ ಅವರಿಗೆ ಒಂದು ಮಾತು ಬಹಳ ಕಾಲ ನೆನಪಿತ್ತು. ಕೈ ಸರಿಯಾಗಿ ಊರಿಗೆ ಹೋದ ಕೆಲವರು ಮರಳಿ ಬಂದು, ಈಗ ಭಿಕ್ಷೆಯೂ ಸಿಗುತ್ತಿಲ್ಲ, ಕೆಲಸವೂ ಸಿಗುತ್ತಿಲ್ಲ ಎಂದು ಹೇಳಿದರಂತೆ. ಬೆರಳು ನೆಟ್ಟಗಾಗಿತ್ತು, ಊರು ಆಗಿರಲಿಲ್ಲ.

ಕಾನೂನು ನಡೆದ ವೇಗ

ಹವಾಯಿಯ ಮೊಲೊಕಾಯ್ ದ್ವೀಪದ ಕಲಾವುಪಾಪ ಒಂದು ಕಡೆ ಕಡಿದಾದ ಬೆಟ್ಟ, ಮೂರು ಕಡೆ ಕಡಲು ಇರುವ ಜಾಗ. 1866ರಿಂದ 1969ರವರೆಗೆ, 103 ವರ್ಷಗಳಲ್ಲಿ, ಸುಮಾರು 8,000 ಕುಷ್ಠರೋಗಿಗಳನ್ನು ಕಾನೂನಿನ ಬಲದಿಂದ ಅಲ್ಲಿಗೆ ಸಾಗಿಸಲಾಯಿತು. ಔಷಧಿ ಬಂದು ಇಪ್ಪತ್ತು ವರ್ಷ ದಾಟಿದ ಮೇಲೂ ಆ ಕಾನೂನು ಜಾರಿಯಲ್ಲಿತ್ತು. ಜಪಾನ್ ತನ್ನ ಪ್ರತ್ಯೇಕತೆಯ ಕಾನೂನನ್ನು ತೆಗೆದದ್ದು 1996ರಲ್ಲಿ.

ನಮ್ಮಲ್ಲಿ ಬ್ರಿಟಿಷರು 1898ರಲ್ಲಿ ತಂದ ಕುಷ್ಠರೋಗಿಗಳ ಕಾಯ್ದೆ ಭಿಕ್ಷೆ ಬೇಡುವ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಕೇಂದ್ರದ ಕಾನೂನು ಪುಸ್ತಕದಿಂದ ಅದು ಹೊರಹೋದದ್ದು 2016ರಲ್ಲಿ, 118 ವರ್ಷಗಳ ಮೇಲೆ. ಒಡಿಶಾದಲ್ಲಿ ಪುರಸಭೆಗೆ ಆಯ್ಕೆಯಾದ ವ್ಯಕ್ತಿಯೊಬ್ಬರು ಕುಷ್ಠದ ಕಾರಣಕ್ಕೆ ಸದಸ್ಯತ್ವ ಕಳೆದುಕೊಂಡರು. 2008ರಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿಯಿತು, ಶಾಸಕಾಂಗ ಈ ಕಾನೂನನ್ನು ಮರುಪರಿಶೀಲಿಸಬೇಕೆಂದೂ ಹೇಳಿತು. ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದಿದ್ದ ಅವಕಾಶವನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದದ್ದು 2019ರಲ್ಲಿ. ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಸಿಕ್ಕ 1981ರಿಂದ ಲೆಕ್ಕ ಹಾಕಿದರೆ 38 ವರ್ಷ. ಒಂದು ವರ್ಷದಲ್ಲಿ ಗುಣವಾಗುವ ರೋಗಕ್ಕೆ ಗಂಡನೋ ಹೆಂಡತಿಯೋ ಬಿಟ್ಟುಹೋಗಲು ಕಾನೂನು 38 ವರ್ಷ ಬಾಗಿಲು ತೆರೆದಿಟ್ಟಿತ್ತು. ಐದು ವರ್ಷ ಅಡಗಿ ಕೂರುವ ರೋಗಾಣುವಿಗಿಂತ ನಾವು ನಿಧಾನಿಗಳು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸರಿಯಾಗಿ ನಡೆದವರೂ ಇದ್ದಾರೆ. ಬ್ರೆಜಿಲ್ 2007ರಲ್ಲಿ, ಹಿಂದೆ ಬಲವಂತವಾಗಿ ಕೂಡಿಹಾಕಲ್ಪಟ್ಟವರಿಗೆ ಜೀವಮಾನದ ಪಿಂಚಣಿ ಕೊಡುವ ಕಾನೂನು ಮಾಡಿತು. 2023ರಲ್ಲಿ, ಆ ಕಾರಣಕ್ಕೆ ತಾಯ್ತಂದೆಯಿಂದ ಅಗಲಿಸಲ್ಪಟ್ಟ ಮಕ್ಕಳಿಗೂ ಅದನ್ನು ವಿಸ್ತರಿಸಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಕುಷ್ಠದಿಂದ ಗುಣವಾದವರೂ ಸೇರಿದ್ದಾರೆ. ಪ್ರಮಾಣಪತ್ರಕ್ಕೂ ಮೀಸಲಾತಿಗೂ ಅವರು ಹಕ್ಕುದಾರರು.

ಒಂದು ಕುರ್ಚಿ, ಒಂದು ಚಪ್ಪಲಿ

ಕುಷ್ಠದ ವೈಕಲ್ಯ ಇನ್ನೂ ದೊಡ್ಡ ಲೆಕ್ಕವೊಂದರ ತುಣುಕು. ಜಗತ್ತಿನಲ್ಲಿ ಗಣನೀಯ ಅಂಗವೈಕಲ್ಯವಿರುವವರು 130 ಕೋಟಿ, ಆರು ಜನರಲ್ಲಿ ಒಬ್ಬರು. ಬಹುಪಾಲು ಮಂದಿ ಇರುವುದು ಅಭಿವೃದ್ಧಿಶೀಲ ದೇಶಗಳಲ್ಲಿ. ಗಾಲಿಕುರ್ಚಿ ಬೇಕಾದವರು 8 ಕೋಟಿ. ದೊರಕಿರುವುದು ಅವರಲ್ಲಿ ಶೇ 5ರಿಂದ 35 ಮಂದಿಗೆ ಮಾತ್ರ. ಕನ್ನಡಕ, ಶ್ರವಣಯಂತ್ರ, ಊರುಗೋಲು, ಕೃತಕ ಕಾಲು, ಹೀಗೆ ಏನಾದರೊಂದು ಸಾಧನ ಬೇಕಾದವರು 250 ಕೋಟಿ. ಶ್ರೀಮಂತ ದೇಶಗಳಲ್ಲಿ ಅದು ಶೇ 90ರಷ್ಟು ಜನರಿಗೆ ಸಿಗುತ್ತದೆ, ಕೆಲವು ಬಡ ದೇಶಗಳಲ್ಲಿ ಶೇ 3 ಜನರಿಗೆ. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು.

ಇಂಥ ಸಂಖ್ಯೆಗಳ ಮುಂದೆ ಯಾರಿಗಾದರೂ ಕೈಚೆಲ್ಲಬೇಕೆನ್ನಿಸುತ್ತದೆ. ಆದರೆ ದಾರಿ ಮಾಡಿದವರೆಲ್ಲ ಸಣ್ಣ ಲೆಕ್ಕದಿಂದಲೇ ಹೊರಟವರು. ಮಂಗಳೂರಿನ ಕಂಕನಾಡಿಯಲ್ಲಿ ಮರದಡಿ ಔಷಧಿ ಕೊಡುತ್ತಿದ್ದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಗೆ ಇರುವ ಹಳೆಯ ಬೇರುಗಳಲ್ಲಿ ಅದೊಂದು. ಮಹಾರಾಷ್ಟ್ರದ ವರೋರಾದಲ್ಲಿ ಬಾಬಾ ಆಮ್ಟೆ 1949ರಲ್ಲಿ ಆನಂದವನ ಶುರುಮಾಡಿದಾಗ ಜೊತೆಗಿದ್ದದ್ದು ಮನೆಯವರು, ಆರು ಮಂದಿ ರೋಗಿಗಳು, ಒಂದು ಕುಂಟ ಹಸು ಮತ್ತು 14 ರೂಪಾಯಿ. ಕಲ್ಲುಭೂಮಿಯಲ್ಲಿ ಬಾವಿ ತೋಡಿದವರು, ಬೆಳೆ ಬೆಳೆದವರು ಆ ರೋಗಿಗಳೇ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ 1970ರ ದಶಕದಿಂದ ಕುಷ್ಠಪೀಡಿತರ ಪುನರ್ವಸತಿಯಲ್ಲಿ ತೊಡಗಿದೆ. ನೇಪಾಳದ ಲಾಲ್‌ಗಢ ಆಸ್ಪತ್ರೆಯ ಸುತ್ತಲಿನ ಹಳ್ಳಿಗಳಲ್ಲಿ ಸ್ವಯಂ ಆರೈಕೆ ಕಲಿತವರು ತಾವೇ ಗುಂಪು ಕಟ್ಟಿ, ಊರಿನ ಉಳಿದ ಬಡವರನ್ನೂ ಅಂಗವಿಕಲರನ್ನೂ ಸೇರಿಸಿಕೊಂಡು ಹಳ್ಳಿಯ ಕೆಲಸಗಳಿಗೆ ಮುಂದಾದರು. ಒಂದು ಕಾಲಕ್ಕೆ ಹತ್ತಿರ ಸೇರಿಸದಿದ್ದ ಊರು ಅವರ ಬಳಿಗೆ ಸಹಾಯ ಕೇಳಿಕೊಂಡು ಬಂತು. ಇಷ್ಟಾದರೂ ಭಾರತದಲ್ಲಿ ಕುಷ್ಠಪೀಡಿತರು ತಾವೇ ಕಟ್ಟಿಕೊಂಡ ಕಾಲೊನಿಗಳು ಇಂದಿಗೂ ಏಳುನೂರರ ಮೇಲಿವೆ. ಅಲ್ಲಿನ ಎಷ್ಟೋ ಹಿರಿಯರು ಗುಣವಾಗಿ ದಶಕಗಳು ಕಳೆದಿವೆ.

ರೋಗ ಬಾರದಂತೆ ತಡೆಯುವ ದಾರಿಯೂ ಈಗ ಇದೆ. ಬಾಂಗ್ಲಾದೇಶದಲ್ಲಿ ರೋಗಿಗಳ ಒಡನಾಟದಲ್ಲಿದ್ದ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದಲ್ಲಿ, ಒಂದೇ ಒಂದು ಬಾರಿ ಕೊಟ್ಟ ರಿಫಾಂಪಿಸಿನ್ ಎರಡು ವರ್ಷಗಳವರೆಗೆ ರೋಗದ ಅಪಾಯವನ್ನು ಶೇ 57ರಷ್ಟು ತಗ್ಗಿಸಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಶಿಫಾರಸು ಮಾಡಿದೆ, ನಮ್ಮ ದೇಶದಲ್ಲೂ ಕೊಡುತ್ತಿದ್ದಾರೆ. ಆದರೆ ಅದಕ್ಕೆ ಮೊದಲ ರೋಗಿ ತನ್ನ ಮನೆಯವರ, ನೆರೆಯವರ ಹೆಸರು ಹೇಳಬೇಕು. ಹೇಳಿದರೆ ತನ್ನ ರೋಗ ಬಯಲಾಗುತ್ತದೆಂಬ ಭಯ ಇರುವವರೆಗೆ ಆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಆ ಭಯವನ್ನು ಹುಟ್ಟಿಸುವವರೂ ಕಳೆಯಬಲ್ಲವರೂ ನಾವೇ.

ಆದ್ದರಿಂದ ಓದುಗರಲ್ಲಿ ನನ್ನದು ಮೂರು ಕೋರಿಕೆ. ನಿಮ್ಮ ಅಥವಾ ಮನೆಯವರ ಮೈಮೇಲೆ ತಿಳಿಬಿಳಿ ಇಲ್ಲವೇ ತಾಮ್ರಬಣ್ಣದ ಮಚ್ಚೆಯಿದ್ದು, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕಣ್ಣು ಮುಚ್ಚಿಸಿ ಪೆನ್ನಿನ ತುದಿ ಮುಟ್ಟಿಸಿ ನೋಡುವ ಪರೀಕ್ಷೆಗೆ ಐದು ನಿಮಿಷ ಸಾಕು. ಮನೆಗೆ ಬರುವ ಆಶಾ ಕಾರ್ಯಕರ್ತೆ ಈ ಬಗ್ಗೆ ಕೇಳಿದರೆ ಮುಜುಗರಪಟ್ಟು ಬಾಗಿಲು ಹಾಕಬೇಡಿ. ಕುಷ್ಠದಿಂದ ಗುಣವಾದವರು ನಿಮ್ಮ ಅಂಗಡಿಗೆ, ಕಚೇರಿಗೆ, ಹೊಲಕ್ಕೆ ಕೆಲಸ ಕೇಳಿಕೊಂಡು ಬಂದರೆ ಕೆಲಸ ಕೊಡಿ, ಮದುವೆ ಮನೆಯಲ್ಲಿ ನಿಮ್ಮ ಪಕ್ಕದ ಎಲೆಗೆ ಕೂರಿಸಿಕೊಳ್ಳಿ. ಅವರಿಂದ ನಿಮಗೆ ಈ ರೋಗ ಬರುವುದಿಲ್ಲ. ಔಷಧಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಉಚಿತ, ಇನ್ನು ಕೆಲಸವನ್ನೂ ಪಕ್ಕದ ಜಾಗವನ್ನೂ ಕೊಡಬೇಕಾದವರು ನಾವು.